ಮುಂದಿನ ಹಂತಕ್ಕೂ ಇಷ್ಟು ಇರಲಿ

ಟ್ರಯಥ್ಲಾನ್ ಶುರುವಾದದ್ದು ಮೋಜಿಗೆ. 1974ರ ಸೆಪ್ಟೆಂಬರ್ 25ರ ಸಂಜೆ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಓಟಗಾರರ ಕ್ಲಬ್ಬೊಂದು ಮಾಮೂಲಿ ಓಟದ ಜೊತೆಗೆ ಸೈಕಲ್ಲನ್ನೂ ಈಜನ್ನೂ ಸೇರಿಸಿ ಒಂದು ಸ್ಪರ್ಧೆ ಇಟ್ಟಿತು. 1978ರಲ್ಲಿ ಹವಾಯಿಯಲ್ಲಿ ಇನ್ನೂ ದೂರದ ಟ್ರಯಥ್ಲಾನ್ ಆದ ಮೊದಲ ಐರನ್‌ಮ್ಯಾನ್ ನಡೆದಾಗ ಹೊರಟವರು 15 ಜನ, ಮುಗಿಸಿದವರು 12. 2000ದಲ್ಲಿ ಟ್ರಯಥ್ಲಾನ್ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪದಕದ ಆಟವಾಯಿತು. 2019ರಲ್ಲಿ ಪಣಜಿಯ ಮಿರಾಮಾರ್ ಕಡಲತೀರಕ್ಕೆ ಐರನ್‌ಮ್ಯಾನ್ 70.3 ಬಂದ ಮೇಲೆ ನಮ್ಮ ಕಡೆಯ ಹವ್ಯಾಸಿಗಳಿಗೂ ಇದು ಕೈಗೆಟುಕಿತು. ಅದರ ದೂರ ಇಷ್ಟು: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಒಟ್ಟು 113 ಕಿ.ಮೀ. ಮೈಲಿಯಲ್ಲಿ ಹೇಳಿದರೆ 70.3.

ನಾನು ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ವೇದಿಕೆ ಹತ್ತುವ ಆಸೆಯೂ ಇಲ್ಲ, ಆ ವೇಗವೂ ಇಲ್ಲ. ಆದರೆ ವರ್ಷಗಳಿಂದ ಈ ಮೂರು ಆಟಗಳ ನಡುವೆ ಓಡಾಡಿ, ಜೊತೆಗಾರರನ್ನು ನೋಡಿ, ಒಂದು ಮಾತು ನನಗೆ ಗಟ್ಟಿಯಾಗಿದೆ. ಟ್ರಯಥ್ಲಾನ್‌ನಲ್ಲಿ ಪ್ರತಿಯೊಂದನ್ನೂ ಅದರ ಮುಂದಿನದಕ್ಕಾಗಿ ಮಾಡಬೇಕು. ಸೈಕಲ್ ತುಳಿಯಲು ಉಳಿಯುವಂತೆ ಈಜಬೇಕು, ಓಡಲು ಉಳಿಯುವಂತೆ ತುಳಿಯಬೇಕು, ನಾಳೆ ಶಾಲೆಗೆ ಹೋಗಲು ಉಳಿಯುವಂತೆ ಇವತ್ತು ಅಭ್ಯಾಸ ಮಾಡಬೇಕು. ಕೆಳಗಿನ ಪಾಠಗಳೆಲ್ಲ ಇದರ ವಿವರಗಳೇ.

1. ನೀರಿಗೆ ಹೆದರದವರೆಲ್ಲ ದೂರ ಈಜಲಾರರು

ನಮ್ಮ ಹಳ್ಳಿಗಳಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರಿಗೆ ಆಳದ ಭಯವೇ ಇರುವುದಿಲ್ಲ. ಅದು ದೊಡ್ಡ ಆಸ್ತಿ. ಆದರೆ ಅವರು ತಲೆ ಮೇಲೆತ್ತಿ ಈಜುತ್ತಾರೆ. ತಲೆ ಮೇಲೆದ್ದರೆ ಕಾಲು ಮುಳುಗುತ್ತದೆ, ಕಾಲು ಮುಳುಗಿದರೆ ನೀರು ಹಿಂದಕ್ಕೆಳೆಯುತ್ತದೆ. ಐವತ್ತು ಮೀಟರಿಗೆ ಸಾಕಾಗುವ ಈ ಈಜು ಎರಡು ಕಿಲೋಮೀಟರಿಗೆ ಸಾಲದು. ಇನ್ನು ಪಟ್ಟಣದಲ್ಲಿ ಬೆಳೆದು ದೊಡ್ಡವರಾದ ಮೇಲೆ ಕಲಿತವರದು ಬೇರೆ ತೊಂದರೆ: ಮುಖ ನೀರೊಳಗಿದ್ದಾಗ ಉಸಿರು ಕಟ್ಟಿ ಹಿಡಿಯುತ್ತಾರೆ. ಆಮೇಲೆ ಮುಖ ಹೊರಗೆ ಬಂದ ಅರೆ ಕ್ಷಣದಲ್ಲಿ ಉಸಿರು ಬಿಡುವುದೂ ಎಳೆದುಕೊಳ್ಳುವುದೂ ಎರಡೂ ಆಗಬೇಕು. ಆಗುವುದಿಲ್ಲ, ಏದುಸಿರು ಬರುತ್ತದೆ.

ಇಬ್ಬರಿಗೂ ಮದ್ದು ಒಂದೇ. ಕಣ್ಣು ಕೊಳದ ತಳದ ಮೇಲಿರಲಿ, ನೀರೊಳಗೆ ಮೂಗು ಬಾಯಿಯಿಂದ ನಿಧಾನವಾಗಿ ಉಸಿರು ಬಿಡುತ್ತಲೇ ಇರಿ, ಹೊರಗೆ ಬಂದಾಗ ಎಳೆದುಕೊಳ್ಳುವುದಷ್ಟೇ ಕೆಲಸವಾಗಲಿ. ಕಾಲನ್ನು ಜೋರಾಗಿ ಬಡಿಯಬೇಡಿ, ಆ ತೊಡೆಗಳಿಗೆ ಮುಂದೆ 111 ಕಿ.ಮೀ. ಕೆಲಸ ಕಾದಿದೆ.

ವೇಗದ ಚಿಂತೆ ಮಾಡುವವರಿಗೆ ಒಂದು ಲೆಕ್ಕ. 70.3 ಸ್ಪರ್ಧೆಗಳಲ್ಲಿ ಈಜಿಗೆ ಸಾಮಾನ್ಯವಾಗಿ 1 ಗಂಟೆ 10 ನಿಮಿಷದ ಕಟ್‌ಆಫ್ ಇರುತ್ತದೆ. ಅಂದರೆ 100 ಮೀಟರಿಗೆ 3 ನಿಮಿಷ 41 ಸೆಕೆಂಡ್. ಸರಿಯಾಗಿ ಉಸಿರಾಡಲು ಕಲಿತವರಿಗೆ ಇದು ಧಾರಾಳ.

2. ಕಡಲಿಗೆ ಗೆರೆಗಳಿಲ್ಲ

ಮೈಸೂರಿನ ಸರಸ್ವತಿಪುರಂನ ವಿಶ್ವವಿದ್ಯಾಲಯದ ಈಜುಕೊಳದಲ್ಲಿ ತಳದ ಗೆರೆ ನೋಡಿಕೊಂಡು ಈಜಿದವರು ಕಡಲಲ್ಲಿ ಡೊಂಕಾಗಿ ಹೋಗುತ್ತಾರೆ. ತೇಲುವ ಬೂಯ್‌ಗಳೇ ಅಲ್ಲಿ ದಾರಿ. ಏಳೆಂಟು ಸಲ ಕೈ ಬೀಸಿದ ಮೇಲೆ ಒಮ್ಮೆ ಕಣ್ಣಷ್ಟೇ ನೀರಿನ ಮೇಲೆ ಬರುವಂತೆ ತಲೆಯೆತ್ತಿ ದಿಕ್ಕು ನೋಡುವುದನ್ನು ಕೊಳದಲ್ಲೇ ರೂಢಿಸಿಕೊಳ್ಳಿ. ಎರಡೂ ಕಡೆಗೆ ಉಸಿರಾಡಲು ಬಂದರೆ ಅಲೆ ಯಾವ ಕಡೆಯಿಂದ ಬಂದರೂ ತೊಂದರೆಯಿಲ್ಲ.

ಗಾಬರಿಯಾದರೆ ಬೆನ್ನ ಮೇಲೆ ಮಲಗಿ ತೇಲಿ. ಕಾವಲಿಗಿರುವ ಕಯಾಕ್ ಹಿಡಿದುಕೊಂಡು ಸುಧಾರಿಸಿಕೊಳ್ಳಲು ನಿಯಮದಲ್ಲೇ ಅವಕಾಶವಿದೆ, ಅದರ ನೆರವಿನಿಂದ ಮುಂದಕ್ಕೆ ಸಾಗಬಾರದು ಅಷ್ಟೆ. ಇದು ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಹೋಗುತ್ತದೆ. ಒಬ್ಬರೇ ಕೆರೆ, ಹೊಳೆ, ನಾಲೆಗಿಳಿದು ಅಭ್ಯಾಸ ಮಾಡುವುದು ಮಾತ್ರ ಬೇಡವೇ ಬೇಡ. ಕಾವೇರಿಯ ಸುಳಿ ಈಜುಪಟುವನ್ನೂ ಬಿಡುವುದಿಲ್ಲ.

3. ಸೈಕಲ್ಲಿನ ಎಂಟು ನಿಮಿಷ, ಓಟದ ಅರ್ಧ ಗಂಟೆ

ದೂರದಲ್ಲಿ ನೂರಕ್ಕೆ 80 ಭಾಗ ಸೈಕಲ್ಲಿನದು. ಸ್ಪರ್ಧೆ ಕೈಗೆ ಸಿಗುವುದೂ ಕೈತಪ್ಪುವುದೂ ಇಲ್ಲೇ. ಗಂಟೆಗೆ 25 ಕಿ.ಮೀ. ವೇಗದಲ್ಲಿ 90 ಕಿ.ಮೀ.ಗೆ 3 ಗಂಟೆ 36 ನಿಮಿಷ. 26ಕ್ಕೆ ಏರಿಸಿದರೆ ಉಳಿಯುವುದು ಎಂಟೇ ನಿಮಿಷ. ಆ ಎಂಟು ನಿಮಿಷಕ್ಕೆ ತೆರುವ ಬೆಲೆ ನೋಡಿ: ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಶೇ 4ರಷ್ಟು ಹೆಚ್ಚಿದರೆ ಗಾಳಿಗೆ ಹೋಗುವ ಶಕ್ತಿ ಶೇ 12ರಷ್ಟು ಹೆಚ್ಚುತ್ತದೆ.

ಹೀಗೆ ಖಾಲಿಯಾದ ಕಾಲು, ಕಿಲೋಮೀಟರಿಗೆ 7 ನಿಮಿಷದಲ್ಲಿ ಓಡಬೇಕಾದಲ್ಲಿ ಎಂಟೂವರೆ ನಿಮಿಷ ತೆಗೆದುಕೊಂಡರೆ 21.1 ಕಿ.ಮೀ.ಗೆ ಆಗುವ ನಷ್ಟ ಅರ್ಧ ಗಂಟೆಗಿಂತ ಹೆಚ್ಚು. ತಿಂಗಳ ಮೊದಲ ವಾರದಲ್ಲೇ ಅಕ್ಕಿ ಮುಗಿಸಿದ ಮನೆಯ ಪಾಡು ಅದು. ಹಾಗಾಗಿ ಸೈಕಲ್ಲಿನ ಮೊದಲ ಅರ್ಧ ಗಂಟೆಯಲ್ಲಿ ಯಾರು ನಿಮ್ಮನ್ನು ಹಿಂದೆ ಹಾಕಿ ಹೋದರೂ ಹೋಗಲಿ ಬಿಡಿ. ಅವರಲ್ಲಿ ಅನೇಕರು ಓಟದಲ್ಲಿ ನಡೆಯುತ್ತ ಸಿಗುತ್ತಾರೆ.

ಹಗುರವಾದ ಗೇರಿನಲ್ಲಿ, ನಿಮಿಷಕ್ಕೆ 80ರಿಂದ 90 ಸುತ್ತು ಪೆಡಲ್ ತಿರುಗುವಂತೆ ತುಳಿಯಿರಿ. ಭಾರದ ಗೇರನ್ನು ಒತ್ತಿ ಒತ್ತಿ ತುಳಿದರೆ ಮಂಡಿಗೆ ಏಟು. ಇನ್ನೊಬ್ಬರ ಹಿಂದೆ ಗಾಳಿ ಮರೆಯಲ್ಲಿ ಹೋಗುವುದು ಹವ್ಯಾಸಿಗಳಿಗೆ ನಿಷಿದ್ಧ. ಐರನ್‌ಮ್ಯಾನ್ ನಿಯಮದಂತೆ ನಡುವೆ 12 ಮೀಟರ್ ಅಂತರ ಬೇಕು, ತಪ್ಪಿದರೆ ದಂಡವಾಗಿ ನಿಲ್ಲಬೇಕು.

4. ರಸ್ತೆಯನ್ನು ಓದಿ

ಚಾಮುಂಡಿ ಬೆಟ್ಟದಂಥ ಏರು ಮನೆ ಬಾಗಿಲಲ್ಲೇ ಇರುವುದು ಮೈಸೂರಿನವರ ಪುಣ್ಯ. ಬೆಂಗಳೂರಿನವರು ಇದಕ್ಕಾಗಿ ಕತ್ತಲಲ್ಲೆದ್ದು ನಂದಿ ಬೆಟ್ಟಕ್ಕೆ ಹೋಗಬೇಕು. ಆದರೆ ಉದ್ದದ ಸವಾರಿಗೆ ಬಯಲು ರಸ್ತೆಯೇ ಆಗಬೇಕು. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳ ಜೊತೆ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲಿ ಎದುರಿಂದ ಬರುವವರ ಕಾಟ. ಹಾಗಾಗಿ ನಮ್ಮ ಗುಂಪು ನಂಜನಗೂಡು, ಗುಂಡ್ಲುಪೇಟೆ ಕಡೆಗೆ ಬೆಳಕು ಹರಿಯುವ ಹೊತ್ತಿಗೆ ಹೊರಟು, ಬಿಸಿಲೇರುವ ಮೊದಲು ತಿರುಗುತ್ತದೆ.

ಋತುವಿಗೆ ತಕ್ಕಂತೆ ರಸ್ತೆಯೂ ಬದಲಾಗುತ್ತದೆ. ಸುಗ್ಗಿಯಲ್ಲಿ ಹಳ್ಳಿಯ ರಸ್ತೆಗೆ ಹುರುಳಿ, ರಾಗಿ ತೆನೆ ಹರಡಿರುತ್ತಾರೆ. ಅದರ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ, ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ಹೋಗಿ, ಹಾಗೇ ಅಲ್ಲಿದ್ದವರೊಡನೆ ನಾಲ್ಕು ಮಾತೂ ಆಡಿ. ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ದೂರವೇ ಇರಿ, ಹೊರೆ ಎತ್ತ ವಾಲುತ್ತದೆಂದು ಹೇಳಲಾಗದು. ಬಣ್ಣ ಬಳಿಯದ ಹಂಪ್‌ಗಳು ಎಲ್ಲೆಲ್ಲಿವೆ ಎಂಬುದು ಬಾಯಿಪಾಠವಾಗಿರಲಿ.

ಹೆಲ್ಮೆಟ್, ಹಿಂದೊಂದು ಕೆಂಪು ದೀಪ, ಎರಡು ಟ್ಯೂಬ್, ಟೈರ್ ಕಳಚುವ ಲಿವರ್, ಸಣ್ಣ ಪಂಪ್ ಇಲ್ಲದೆ ಹೊರಡಬೇಡಿ. ಪಂಕ್ಚರ್ ಆದ ಟ್ಯೂಬನ್ನು ಮನೆಯ ವರಾಂಡದಲ್ಲಿ ಕೂತು ಬದಲಿಸಿ ಕಲಿಯಿರಿ. ಸ್ಪರ್ಧೆಯಲ್ಲಿ ಹೊರಗಿನವರ ಸಹಾಯ ಪಡೆಯುವಂತಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಸೈಕ್ಲಿಸ್ಟ್ ಹುಡುಗರು ಇದನ್ನು ಮಾತಾಡುತ್ತಲೇ ಮಾಡಿ ಮುಗಿಸುವುದನ್ನು ನೋಡಿಯೇ ಕಲಿಯಬೇಕು.

5. ಸೈಕಲ್ ಇಳಿದ ಮೇಲಿನ ಮೊದಲ ಕಿಲೋಮೀಟರ್

ಮೂರೂವರೆ ಗಂಟೆ ಬಾಗಿ ಕೂತು ಪೆಡಲ್ ತುಳಿದ ಕಾಲಿಗೆ ನೆಟ್ಟಗೆ ನಿಂತು ಓಡು ಎಂದರೆ ಅದು ಒಪ್ಪುವುದಿಲ್ಲ. ತೊಡೆ ಭಾರ, ಸೊಂಟ ಬಿಗಿ. ಕಷ್ಟವೆನಿಸಿದರೂ ವಿಚಿತ್ರವೆಂದರೆ ವೇಗ ಮಾತ್ರ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ, ಸೈಕಲ್ಲಿನ ಲಯ ಕಾಲಲ್ಲಿ ಇನ್ನೂ ಉಳಿದಿರುತ್ತದೆ. ಇದಕ್ಕಾಗಿಯೇ ಸೈಕಲ್ ಮುಗಿದೊಡನೆ ಓಡುವ ಅಭ್ಯಾಸವಿದೆ, ಟ್ರಯಥ್ಲೀಟ್‌ಗಳು ಅದನ್ನು ‘ಬ್ರಿಕ್’ ಎನ್ನುತ್ತಾರೆ. ಶನಿವಾರದ ಸವಾರಿಯ ನಂತರ 15–20 ನಿಮಿಷ ಓಡಿದರೆ ಸಾಕು. ದೊಡ್ಡ ಸವಾರಿಯ ಬೆನ್ನಿಗೇ ದೊಡ್ಡ ಓಟ ಬೇಡ, ಗಾಯವಾಗುವುದು ಅಲ್ಲಿಯೇ. ಸ್ಪರ್ಧೆಯ ದಿನ ಮೊದಲ ಎರಡು ಕಿಲೋಮೀಟರ್ ಬೇಕೆಂದೇ ನಿಧಾನವಾಗಿ ಓಡಿ.

6. ಮಾತಾಡಿಕೊಂಡು ಓಡಿ

ನಾರ್ವೆಯಲ್ಲಿ ನೆಲೆಸಿರುವ ಸಂಶೋಧಕ ಸ್ಟೀಫನ್ ಸೈಲರ್ ದೂರದ ಆಟಗಳ ಅಗ್ರ ಕ್ರೀಡಾಪಟುಗಳ ಅಭ್ಯಾಸವನ್ನು ಅಳೆದು ನೋಡಿದಾಗ, ಅವರ ತಾಲೀಮಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ 80 ಭಾಗ ಹಗುರವಾಗಿಯೇ ಇದ್ದದ್ದು ಕಂಡಿತು. ಹವ್ಯಾಸಿಗಳು ಮಾಡುವುದು ಬೇರೆ. ಎಲ್ಲ ದಿನವೂ ನಡುಮಟ್ಟದ ಕಷ್ಟದಲ್ಲಿರುತ್ತಾರೆ, ಹಗುರ ದಿನ ಹಗುರವಿಲ್ಲ, ಕಠಿಣ ದಿನಕ್ಕೆ ಕಸುವಿಲ್ಲ.

ಅಳತೆಗೆ ದುಬಾರಿ ವಾಚು ಬೇಡ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಡುವಾಗ ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ಅದು ಹಗುರ. ‘ಹ್ಞೂಂ’, ‘ಇಲ್ಲ’ಕ್ಕೆ ಇಳಿದರೆ ಮಿತಿ ಮೀರಿದೆ. ವಾರಕ್ಕೆ ಎಂಟೊಂಬತ್ತು ಗಂಟೆ ಸಿಗುವ ನಮ್ಮಂಥವರಿಗೆ ಈಜು ಎರಡು ಮೂರು ಸಲ, ಸೈಕಲ್ ಮೂರು ಸಲ, ಓಟ ಮೂರು ಸಲ, ಪೂರ್ತಿ ಒಂದು ದಿನ ವಿಶ್ರಾಂತಿ ಎಂದಿಟ್ಟುಕೊಂಡರೆ ಚೆನ್ನು. ಮೂರು ವಾರ ಏರಿಸಿ, ನಾಲ್ಕನೆಯ ವಾರ ಇಳಿಸಿ. ಸ್ಪರ್ಧೆಗೆ ಎರಡು ವಾರವಿರುವಾಗ ಅಭ್ಯಾಸ ತಗ್ಗಿಸಿ. ಆ ಹೊತ್ತಲ್ಲಿ ಕಲಿತದ್ದು ಜಾಸ್ತಿಯಾಗುವುದಿಲ್ಲ, ಪರೀಕ್ಷೆಯ ಹಿಂದಿನ ರಾತ್ರಿ ಓದುವ ಮಕ್ಕಳಿಗೆ ನಾನು ಹೇಳುವುದೂ ಇದನ್ನೇ.

7. ಹೊಟ್ಟೆಗೂ ತಾಲೀಮು ಬೇಕು

ಮೈಯಲ್ಲಿ ಕೂಡಿಟ್ಟ ಕಾರ್ಬೊಹೈಡ್ರೇಟ್ ಏಳೆಂಟು ಗಂಟೆಯ ಸ್ಪರ್ಧೆಗೆ ಸಾಲದು, ದಾರಿಯಲ್ಲಿ ತಿನ್ನಲೇಬೇಕು. ಗಂಟೆಗೆ 60 ಗ್ರಾಂ ಕಾರ್ಬೊಹೈಡ್ರೇಟ್ ಗುರಿ ಇಟ್ಟುಕೊಳ್ಳಬಹುದು. ಗ್ಲೂಕೋಸ್ ಜೊತೆ ಫ್ರಕ್ಟೋಸ್ ಬೆರೆತಿದ್ದರೆ, ಅಭ್ಯಾಸವಿರುವ ಹೊಟ್ಟೆ 90 ಗ್ರಾಂವರೆಗೂ ತೆಗೆದುಕೊಳ್ಳುತ್ತದೆ. ಮಧ್ಯಮ ಗಾತ್ರದ ಬಾಳೆಹಣ್ಣಲ್ಲಿ ಸುಮಾರು 25 ಗ್ರಾಂ ಇದೆ, ಏಲಕ್ಕಿ ಬಾಳೆಯಾದರೆ ಎರಡು ಬೇಕು. ನಂಜನಗೂಡು ರಸಬಾಳೆ ಬಾಯಿಗೆ ಸರಿ, ಜೇಬಿನಲ್ಲಿಟ್ಟುಕೊಂಡು 90 ಕಿ.ಮೀ. ಹೋಗುವ ಹಣ್ಣಲ್ಲ. ಖರ್ಜೂರ, ಬೆಲ್ಲ, ಅಂಗಡಿಯ ಜೆಲ್ ಯಾವುದಾದರೂ ಆಗಲಿ, ಉದ್ದದ ಸವಾರಿಗಳಲ್ಲಿ ತಿಂದು ಹೊಟ್ಟೆ ಒಪ್ಪಿದ್ದನ್ನೇ ಸ್ಪರ್ಧೆಗೂ ಒಯ್ಯಬೇಕು. ಹಿಂದಿನ ದಿನ ಸೊಪ್ಪು, ಕಾಳು, ಮುದ್ದೆ ಕಡಿಮೆ ಮಾಡಿ ಅನ್ನ, ಇಡ್ಲಿಗೆ ಬನ್ನಿ. ನಾರು ಹೆಚ್ಚಾದರೆ ಓಟದ ನಡುವೆ ಶೌಚಾಲಯ ಹುಡುಕಬೇಕಾದೀತು.

ಎಳನೀರು ಒಂದಿದ್ದರೆ ಸಾಕು ಎನ್ನುವವರಿದ್ದಾರೆ. ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಬೆವರಲ್ಲಿ ನಾವು ಮುಖ್ಯವಾಗಿ ಕಳೆದುಕೊಳ್ಳುವ ಸೋಡಿಯಂ ಕಡಿಮೆ. ಡಬ್ಲ್ಯುಎಚ್‌ಒ ಸೂತ್ರದ ಓಆರ್‌ಎಸ್ ಪೊಟ್ಟಣದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಸಕ್ಕರೆ ಸಾಲದು, ಉಪ್ಪಿಗೆ ಅದೇ ಅಗ್ಗದ ದಾರಿ. ಉಪ್ಪಿಲ್ಲದೆ ಬರೀ ನೀರನ್ನೇ ಕೊಡಗಟ್ಟಲೆ ಕುಡಿಯುವುದೂ ಅಪಾಯ: ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಮಂಪರು ಬರುತ್ತದೆ, ಪ್ರಾಣಕ್ಕೂ ಬರಬಹುದು. ಒಂದು ಗಂಟೆಯ ಓಟಕ್ಕೆ ಮೊದಲೂ ಆಮೇಲೂ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ನಿಮ್ಮ ಬೆವರು ಗಂಟೆಗೆ ಸುಮಾರು ಒಂದು ಲೀಟರ್. ಕುಡಿಯುವ ಲೆಕ್ಕ ಅಲ್ಲಿಂದ ಶುರುವಾಗಲಿ.

8. ಘಟ್ಟದ ಮೇಲಿನವರಿಗೆ ಸೆಕೆಯೇ ಎದುರಾಳಿ

ಮೈಸೂರಿನ ಮುಂಜಾವಿನ ತಂಪಲ್ಲಿ ಪಳಗಿದ ಮೈ ಪಣಜಿಯ ಹನ್ನೊಂದು ಗಂಟೆಯ ಬಿಸಿಲಲ್ಲಿ ಬೇರೆಯದೇ ಆಗಿಬಿಡುತ್ತದೆ. ಅಲ್ಲಿನ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಮಂಗಳೂರು, ಉಡುಪಿಯ ಗೆಳೆಯರು ನಮ್ಮನ್ನು ನೋಡಿ ನಗುವುದು ಇದಕ್ಕೇ.

ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ಅವಧಿಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನ ಉಪ್ಪು ಕಡಿಮೆಯಾಗುತ್ತದೆ. ಕೊನೆಯ ವಾರಗಳಲ್ಲಿ ಕೆಲವು ಹಗುರ ಓಟಗಳನ್ನು ಮಧ್ಯಾಹ್ನಕ್ಕೆ ತಳ್ಳಿ, ಓಡಿ ಬಂದು ಬಿಸಿನೀರಿನ ಸ್ನಾನ ಮಾಡಿ. ಸ್ಪರ್ಧೆಯಲ್ಲಿ ಸಿಗುವ ಐಸನ್ನು ಟೋಪಿಯೊಳಗೆ, ಕುತ್ತಿಗೆಯ ಹಿಂದೆ ಇಟ್ಟುಕೊಳ್ಳಿ. ಬಿಸಿಲಲ್ಲೂ ಮೈ ನಡುಗಿದರೆ, ತಲೆ ತಿರುಗಿದರೆ, ಮಾತು ತೊದಲಿದರೆ ಅಲ್ಲೇ ನಿಂತು ವೈದ್ಯರ ತಂಡವನ್ನು ಕರೆಯಿರಿ.

9. ಬಟ್ಟೆ ಬದಲಿಸುವ ಜಾಗವೂ ಸ್ಪರ್ಧೆಯೇ

ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಹೋಗುವ ಟ್ರಾನ್ಸಿಷನ್‌ನಲ್ಲೂ ಗಡಿಯಾರ ಓಡುತ್ತಿರುತ್ತದೆ. ಬಳಸುವ ಕ್ರಮದಲ್ಲೇ ಸಾಮಾನು ಜೋಡಿಸಿ. ಹಿಂದಿನ ದಿನವೇ ನೀರಿನ ಕಡೆಯಿಂದ ನಿಮ್ಮ ಸೈಕಲ್ಲಿನವರೆಗೆ ನಡೆದು ಸಾಲು ಎಣಿಸಿಡಿ. ಸಾವಿರ ಸೈಕಲ್ಲುಗಳ ನಡುವೆ ನಿಮ್ಮದೂ ಹಾಗೇ ಕಾಣುತ್ತದೆ. ಹೆಲ್ಮೆಟ್ಟಿನ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು, ಗೆರೆ ದಾಟಿದ ಮೇಲೆಯೇ ಹತ್ತಬೇಕು.

10. ಹೆಣ್ಣುಮಕ್ಕಳಿಗೆ ಎರಡು ಮಾತು ಹೆಚ್ಚು

ಅಭ್ಯಾಸ ಮಾಡಿದಷ್ಟೂ ಸುಸ್ತು ಹೆಚ್ಚುತ್ತಿದ್ದರೆ ಛಲದ ಕೊರತೆ ಎಂದುಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಜನರಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಕಡಿಮೆಯಾದರೆ ಸ್ನಾಯುವಿಗೆ ಸಾಕಷ್ಟು ಆಮ್ಲಜನಕ ಸೇರುವುದಿಲ್ಲ, ಯಾವ ತಾಲೀಮೂ ಅದನ್ನು ತುಂಬಿಕೊಡುವುದಿಲ್ಲ. ಜೊತೆಗೆ ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶವನ್ನು ತೋರಿಸುವ ಫೆರಿಟಿನ್ ಕೂಡ ನೋಡಿಸಿ. ತಿಂಡಿಯ ಜೊತೆಗೇ ಕಾಫಿ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ಒಂದು ಗಂಟೆ ತಡೆಯಿರಿ. ಮೈಸೂರಿನವರಿಗೆ ಇದು ಕಷ್ಟ, ಗೊತ್ತು. ಇನ್ನೊಂದು: ಅಭ್ಯಾಸ ಏರಿದಾಗ ಮುಟ್ಟು ನಿಂತರೆ ಅದನ್ನು ಅನುಕೂಲವೆಂದು ಭಾವಿಸಬೇಡಿ. ಮಾಡುವ ಕೆಲಸಕ್ಕೆ ಊಟ ಸಾಲುತ್ತಿಲ್ಲ ಎಂಬ ಸೂಚನೆಯಾಗಿರಬಹುದು, ಮುಂದೆ ಅದು ಮೂಳೆಗೂ ಮುಟ್ಟುತ್ತದೆ. ವೈದ್ಯರನ್ನು ಕಾಣಿ.

11. ಮನೆಯವರ ಒಪ್ಪಿಗೆ ಅಭ್ಯಾಸದ ಭಾಗ

ಅಕ್ಟೋಬರ್, ನವೆಂಬರ್‌ನ ಗೋವಾ ಸ್ಪರ್ಧೆಗೆ ಅಭ್ಯಾಸ ಏರುವ ಹೊತ್ತಿಗೆ ನಮ್ಮಲ್ಲಿ ದಸರಾ. ಬೊಂಬೆ ಕೂರಿಸಬೇಕು, ನೆಂಟರು ಬರುತ್ತಾರೆ, ಊರ ತುಂಬ ದೀಪ ಮತ್ತು ಟ್ರಾಫಿಕ್. ನಮ್ಮತ್ತೆ ಮೊದಲು ಕೇಳಿದ್ದು, “ಇಷ್ಟು ದುಡ್ಡು ಕಟ್ಟಿ ಅಷ್ಟು ದೂರ ಹೋಗಿ ಸುಸ್ತಾಗಿ ಬರೋದ್ಯಾಕೆ?” ಎಂದು. ಈ ಪ್ರಶ್ನೆಗೆ ಭಾಷಣದ ಉತ್ತರ ನಡೆಯುವುದಿಲ್ಲ. ವರ್ಷದ ಮೊದಲಲ್ಲೇ ಕ್ಯಾಲೆಂಡರ್ ಹಿಡಿದು ಮನೆಯವರೆಲ್ಲ ಕೂತು, ಯಾವ ಭಾನುವಾರ ನನ್ನದು, ಯಾವುದು ಮನೆಯದು ಎಂದು ಗುರುತು ಹಾಕುತ್ತೇವೆ. ಮನೆಯದೆಂದು ಗುರುತಿಸಿದ ದಿನ ಸೈಕಲ್ ಹೊರಗೆ ಬರುವುದಿಲ್ಲ. ನಮ್ಮೆಜಮಾನರಿಗೆ ಕ್ರೀಡೆಯ ಗಂಧವಿಲ್ಲ, ಆದರೆ ಶನಿವಾರದ ತಿಂಡಿ ಅವರದು. ಅತ್ತೆಯವರು ಈಗ ಆಯುಧಪೂಜೆಯಲ್ಲಿ ಸೈಕಲ್ಲಿಗೂ ಕುಂಕುಮ ಹಚ್ಚಿ ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ನಿದ್ದೆ ಕದ್ದು ಅಭ್ಯಾಸ ಮಾಡಬೇಡಿ. ನಾಲ್ಕೂವರೆಗೆ ಏಳುವವರು ಒಂಬತ್ತೂವರೆಗೆ ಮಲಗಬೇಕು, ಆಗದ ದಿನ ಅಭ್ಯಾಸವನ್ನೇ ಕೈಬಿಡಬೇಕು.

12. ಸಣ್ಣದರಿಂದ ಶುರುಮಾಡಿ

70.3 ಸ್ಪರ್ಧೆಗಳಿಗೆ ಒಟ್ಟು ಎಂಟೂವರೆ ಗಂಟೆಯ ಗಡುವು ಸಾಮಾನ್ಯ, ಹೊಸಬರಿಗೆ ಅದೇ ದೊಡ್ಡ ಮಾತು. ನಟ, ರೂಪದರ್ಶಿ ಮಿಲಿಂದ್ ಸೋಮನ್ 2015ರಲ್ಲಿ, 49ರ ವಯಸ್ಸಲ್ಲಿ, ಜ್ಯೂರಿಕ್‌ನಲ್ಲಿ 70.3ರ ಎರಡರಷ್ಟು ದೂರದ ಪೂರ್ಣ ಐರನ್‌ಮ್ಯಾನ್ ಮುಗಿಸಿದ ಸುದ್ದಿ ಓದಿ ನೇರ ಅಲ್ಲಿಗೇ ಜಿಗಿಯಲು ಹೊರಡುವವರಿದ್ದಾರೆ. ಮಿಲಿಂದ್ ಅವರ ಹಿಂದೆ ರಾಷ್ಟ್ರಮಟ್ಟದ ಈಜಿನ ಯೌವನ ಇತ್ತೆಂಬುದನ್ನು ಮರೆಯುತ್ತಾರೆ.

ಸ್ಪ್ರಿಂಟ್ ದೂರದಿಂದ ತೊಡಗಿ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. 25 ಮೀಟರಿನ ಕೊಳವಾದರೆ ಈ ತುದಿಯಿಂದ ಆ ತುದಿಗೆ 30 ಸಲ. ಮನೆಯಲ್ಲಿರುವ ಸೈಕಲ್ಲೇ ಸಾಕು, ಚೈನಿಗೆ ಎಣ್ಣೆ ಬಿಟ್ಟು, ಟೈರಿಗೆ ಸರಿಯಾಗಿ ಗಾಳಿ ತುಂಬಿ, ಸೀಟಿನ ಎತ್ತರ ಹೊಂದಿಸಿಕೊಳ್ಳಿ. ದುಡ್ಡಿದ್ದರೆ ಅದನ್ನು ಮೊದಲು ಈಜು ಕಲಿಸುವವರಿಗೆ ಕೊಡಿ, ಆಮೇಲೆ ಒಳ್ಳೆಯ ಬೂಟಿಗೆ, ಎಲ್ಲಕ್ಕಿಂತ ಕೊನೆಗೆ ಹೊಸ ಸೈಕಲ್ಲಿಗೆ. ನಲವತ್ತು ದಾಟಿದವರು ಹೃದಯದ ತಪಾಸಣೆ ಮಾಡಿಸಿಕೊಂಡೇ ತೊಡಗಿ.

ಮೂರು ತಿಂಗಳು ಹೀಗೆ ಮಾಡಿ ನೋಡಿ. ಅಷ್ಟರಲ್ಲಿ ಮಂಡಿ ನೋಯದೆ, ಮನೆಯಲ್ಲಿ ಮುನಿಸಿಲ್ಲದೆ, ಕೆಲಸದ ಜಾಗದಲ್ಲಿ ತೂಕಡಿಸದೆ ಇದ್ದೀರಿ ಎಂದಾದರೆ ನಿಮ್ಮ ಲೆಕ್ಕ ಸರಿ ಹೋಗುತ್ತಿದೆ. ಆಗ ದೊಡ್ಡ ಸ್ಪರ್ಧೆಗೆ ದುಡ್ಡು ಕಟ್ಟಿ. ಇವುಗಳಲ್ಲಿ ಒಂದು ತಪ್ಪಿದ್ದರೂ ಇನ್ನೊಂದು ವರ್ಷ ಸ್ಪ್ರಿಂಟ್‌ನಲ್ಲೇ ಇರಿ. ಅದೂ ಟ್ರಯಥ್ಲಾನೇ.